ಉಸಿರು ಬಿಡದವಳು

“ಇವಳಿಗೆ ಬಣ್ಣ ಹಚ್ಚೋಕೆ ನಿಮಗೆ ಯಾರು ಹೇಳಿದ್ರು?!”

ಬಾಗಿಲು ತಟ್ಟುವ ಸೌಜನ್ಯವೂ ಇಲ್ಲದೆ ಒಳನುಗ್ಗಿದ ಆ ಗಂಡಸು, ಕೈಯಲ್ಲಿದ್ದ ಹೊಸ ಸಂಚಿಕೆಯನ್ನು ಅವಳ ಮೇಜಿನ ಮೇಲೆ ಪಟಾರನೆ ಬಡಿದ. ಲೋಟದಲ್ಲಿದ್ದ ಬಿಸಿ ಕಾಫಿ ತುಳುಕಿ ಅವಳ ಮುಂಗೈ ಮೇಲೆ ಚೆಲ್ಲಿತು.

ಬೇರೆ ಯಾರಾಗಿದ್ದರೂ ಕಿರುಚುತ್ತಿದ್ದರು. ಅವಳು ಕೈ ನೋಡಿಕೊಂಡಳು. ಚರ್ಮ ಕೆಂಪಗಾಗುತ್ತಿತ್ತು. ಬಟ್ಟೆ ತೆಗೆದುಕೊಂಡು ಮೊದಲು ಮೇಜು ಒರೆಸಿದಳು, ಆಮೇಲೆ ಕೈ.

“ಯಾರಿಗೆ?” ಎಂದಳು.

ಅವನ ಸಿಟ್ಟು ಅರ್ಧದಲ್ಲೇ ತಡವರಿಸಿತು. “ಅಯ್ಯೋ... ನಿಮ್ಮ ಕೈ! ಉರೀತಿಲ್ವಾ?”

“ಉರೀತಿರಬೇಕು. ಯಾರಿಗೆ ಬಣ್ಣ ಹಚ್ಚಿದ್ದು ಹೇಳಿ.”

ಉರೀತಿರಬೇಕು ಅಂತೆ! ತನ್ನ ಕೈ ಸುಟ್ಟಿದ್ದನ್ನು ಯಾರಾದರೂ ಹೀಗೆ ಪಕ್ಕದ ಮನೆಯ ಸುದ್ದಿ ಹೇಳಿದ ಹಾಗೆ ಹೇಳುತ್ತಾರೆಯೇ? ಅವನು ಹೊರಗೆ ಓಡಿ ಒಂದು ಬಾಟಲಿ ತಣ್ಣೀರು ತಂದು, ಕಸದ ಬುಟ್ಟಿಯನ್ನೇ ಕೆಳಗಿಟ್ಟು, ಅವಳ ಕೈ ಮೇಲೆ ಸುರಿದ. ಜಗಳಕ್ಕೆ ಬಂದವನು ಮೊಣಕಾಲೂರಿ ಕುಳಿತಿದ್ದ. ಅವಳು ಸುಮ್ಮನೆ ಕೈ ಚಾಚಿಕೊಂಡಿದ್ದಳು.

ಆ ಚಿತ್ರಕಥೆಯ ಪತ್ರಿಕೆಗೆ ಬಣ್ಣ ಹಚ್ಚುವವಳು ಅವಳೊಬ್ಬಳೇ. ಕಚೇರಿಯಲ್ಲಿ ಎಲ್ಲರಿಗೂ ಬಣ್ಣದಕ್ಕ. ಕಂಪ್ಯೂಟರಿನ ಪರದೆಯ ಮೇಲೆ ಬೇರೆ ಬೆಳಕು ಬೀಳಬಾರದೆಂದು ಅವಳ ಕೋಣೆಯ ಕಿಟಕಿಗೆ ಯಾವಾಗಲೂ ದಪ್ಪ ಪರದೆ ಎಳೆದಿರುತ್ತಿತ್ತು. ಅವನು, ಪತ್ರಿಕೆಯ ಮುಖ್ಯ ಕಥೆ ‘ನಿನ್ನೆಗಾರ’ವನ್ನು ಬರೆದು ಚಿತ್ರಿಸುವವನು. ಮನೆಯಿಂದಲೇ ಕೆಲಸ ಮಾಡಿ ಕಳಿಸುತ್ತಿದ್ದ. ಇಷ್ಟು ದಿನ ಅವನ ಗೆರೆ ಇವಳಿಗೆ ಗೊತ್ತಿತ್ತು, ಇವಳ ಬಣ್ಣ ಅವನಿಗೆ ಗೊತ್ತಿತ್ತು. ಮುಖ ನೋಡಿದ್ದು ಇವತ್ತೇ.

ನಿನ್ನೆಗಾರ ಮೊದಲು ಲಿಫ್ಟ್ ರಿಪೇರಿಯವನು. ಒಂದು ದಿನ ಲಿಫ್ಟಿನ ಗುಂಡಿಗೆ ಇಳಿದಾಗ ಪೈಪು ಒಡೆದು ನೀರು ತುಂಬಿತು, ಮೇಲಿಂದ ಲಿಫ್ಟೂ ಇಳಿದು ನಿಂತುಬಿಟ್ಟಿತು. ನೀರಿನೊಳಗೆ ಉಸಿರು ಕಟ್ಟಿ ಹಿಡಿದ. ಕಣ್ಣು ಬಿಟ್ಟರೆ ಅದೇ ಗುಂಡಿ, ಒಣಗಿದೆ... ಅದು ಹಿಂದಿನ ದಿನ! ಹೊರಗೆ ಹತ್ತಿ ಬಂದು ಉಸಿರು ಬಿಟ್ಟ, ಬದುಕಿದ. ಅಂದಿನಿಂದ ಅವನಿಗೆ ಆ ಶಕ್ತಿ. ಉಸಿರು ಹಿಡಿದು ಯಾವ ದಿನವನ್ನು ನೆನೆದರೆ ಆ ದಿನಕ್ಕೆ ಹೋಗುತ್ತಾನೆ. ಉಸಿರು ಬಿಟ್ಟ ಕೂಡಲೇ ಇವತ್ತಿಗೆ ವಾಪಸು. ಅಷ್ಟರೊಳಗೆ ಬೀಳುವವರನ್ನು ಹಿಡಿಯಬಹುದು, ಬೆಂಕಿ ಆರಿಸಬಹುದು. ಮಾತಾಡಲು ಮಾತ್ರ ಆಗುವುದಿಲ್ಲ. ಮಾತಿಗೆ ಉಸಿರು ಬೇಕಲ್ಲ.

ಬಣ್ಣಕ್ಕೂ ಒಂದು ಕಟ್ಟುಪಾಡು. ಹಿಂದಿನ ದಿನಗಳೆಲ್ಲ ಮಾಸಲು ಕಂದು. ಇವತ್ತಿನಿಂದ ಹೋದ ನಿನ್ನೆಗಾರನಿಗೆ ಮಾತ್ರ ತುಂಬು ಬಣ್ಣ.

“ನೋಡಿ ಇಲ್ಲಿ,” ಎಂದು ಅವನು ಪುಟ ತೋರಿಸಿದ. ಆಸ್ಪತ್ರೆಯ ಉದ್ದನೆಯ ಓಣಿ. ಎಲ್ಲವೂ ಕಂದು. ನಿನ್ನೆಗಾರ ಓಡುತ್ತಿದ್ದಾನೆ. ಮೂಲೆಯ ಬೆಂಚಿನ ಮೇಲೆ ಸುಮ್ಮನೆ ಕುಳಿತ ಒಬ್ಬ ಹೆಂಗಸಿಗೆ... ಹಳದಿ ಸ್ವೆಟರು!

“ಇವಳಿಗೆ ಬಣ್ಣ ಇದೆ ಅಂದ್ರೆ ಇವಳೂ ಇವತ್ತಿನಿಂದ ಹೋದವಳು ಅಂತ ಆಯ್ತು! ಓದುಗರು ನನ್ನ ತಲೆ ತಿಂತಿದ್ದಾರೆ, ಯಾರು ಇವಳು, ಯಾರು ಇವಳು ಅಂತ!”

“ಕೈತಪ್ಪು.”

“ಕೈತಪ್ಪಿ ಯಾರಾದ್ರೂ ಸ್ವೆಟರಿನ ಗುಂಡಿಗೆಲ್ಲ ಬೇರೆ ಬಣ್ಣ ಹಚ್ತಾರಾ? ಉಗುರಿಗೂ ಹಚ್ಚಿದ್ದೀರಿ ಕಣ್ರೀ!”

ಅವಳು ಬಗ್ಗಿ ನೋಡಿದಳು. ನಿಜ. ಹಚ್ಚಿದ್ದು ನೆನಪೇ ಇಲ್ಲ. ‘ಅವತ್ತು ನಾನು ಹಾಕಿಕೊಂಡಿದ್ದು ಇಂಥದ್ದೇ ಸ್ವೆಟರ್... ಕೂತಿದ್ದೂ ಹೀಗೇ,’ ಎಂದು ಮನಸ್ಸು ಹೇಳಿತು. ಹೇಳಿದ್ದಷ್ಟೇ. ಅದರ ಹಿಂದೆ ಏನೂ ಬರಲಿಲ್ಲ.

ಗಲಾಟೆ ಕೇಳಿ ಬಂದ ಸಂಪಾದಕಿ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳಿಗಂತೂ ಹಬ್ಬ. ಇಷ್ಟು ಜನ ಒಂದು ಸಂಚಿಕೆಯ ಬಗ್ಗೆ ಮಾತಾಡಿದ್ದೇ ಇಲ್ಲ!

“ತಪ್ಪು ಗಿಪ್ಪು ಏನೂ ಇಲ್ಲ. ಆ ಹೆಂಗಸು ಇರ್ಲಿ. ಅವಳಿಗೂ ಒಂದು ಶಕ್ತಿ ಕೊಡಿ, ಕಥೆ ಕೊಡಿ. ಇಬ್ಬರೂ ಸೇರಿ ಹುಟ್ಟಿಸಿದ್ದೀರಿ, ಇಬ್ಬರೂ ಸೇರಿ ಸಾಕಿ,” ಎಂದು ಹೊರಟೇಹೋದಳು.

ಅವನ ಕಿವಿಯವರೆಗೂ ಕೆಂಪೇರಿತು. ಇವಳು ಪರದೆಯ ಮೇಲೆ ಬಣ್ಣ ಹಚ್ಚುವ ಪೆನ್ನು ಎತ್ತಿಕೊಂಡು ಮುಂದಿನ ಪುಟ ತೆರೆದಳು.

ಮರುದಿನದಿಂದ ಅವನು ಮಧ್ಯಾಹ್ನ ಅವಳ ಕೋಣೆಗೆ ಬರತೊಡಗಿದ. ಎಷ್ಟು ಯೋಚಿಸಿದರೂ ಆ ಹೆಂಗಸಿಗೆ ಒಪ್ಪುವ ಶಕ್ತಿ ಹೊಳೆಯಲಿಲ್ಲ. ಹಾರುವವಳು? ಮಾಯವಾಗುವವಳು? ಎಲ್ಲ ಹಳಸಲು.

“ನಿನ್ನೆಗಾರನಿಗೆ ಉಸಿರು ಯಾಕೆ ಅಷ್ಟು ಬೇಗ ಮುಗಿಯುತ್ತೆ?” ಎಂದು ಅವಳು ಒಮ್ಮೆ ಪರದೆಯಿಂದ ಕಣ್ಣು ತೆಗೆಯದೆಯೇ ಕೇಳಿದಳು.

“ಗಾಬರಿ, ಸಂಕಟ... ಕಣ್ಣೆದುರು ಯಾರೋ ಸಾಯ್ತಿದ್ರೆ ಎದೆ ಹೊಡ್ಕೊಳ್ಳಲ್ವಾ?”

“ಅವಳಿಗೆ ಹೊಡ್ಕೊಳ್ಳಲ್ಲ.”

“ಅಂದ್ರೆ?”

“ಅವಳಿಗೆ ಏನೂ ಅನ್ಸಲ್ಲ. ಅದೇ ಅವಳ ಶಕ್ತಿ. ಅದಕ್ಕೇ ಉಸಿರು ಖರ್ಚಾಗಲ್ಲ. ಎಷ್ಟು ಹೊತ್ತು ಬೇಕಾದ್ರೂ ಅಲ್ಲಿ ಕೂತಿರಬಹುದು.”

ಅವನ ಪೆನ್ಸಿಲು ನಿಂತಿತು. “ಹಾಗಾದ್ರೆ... ವಾಪಸು ಬರೋದು?”

“ಬರಲ್ಲ.”

‘ಇದು ಕಥೆಯಲ್ಲ,’ ಎಂದು ಅವನಿಗೆ ಅನಿಸಿತು. ಆದರೂ ಬರೆದುಕೊಂಡ.

ಕೇಳಬಾರದು ಎಂದುಕೊಂಡೇ ಮೂರ್ನಾಲ್ಕು ದಿನ ತಳ್ಳಿದ. ಕೊನೆಗೆ ಅವಳೇ ಹೇಳಿದಳು, ಬಣ್ಣ ಹಚ್ಚುತ್ತಲೇ. ಗಂಡ ಹೋಗಿ ಎರಡು ವರ್ಷ. ಬೆಳಗ್ಗೆ ಎದೆನೋವು ಅಂದರು, ಆಸ್ಪತ್ರೆಗೆ ಸೇರಿಸಿದರೆ ಸಂಜೆಗೆ ಇರಲಿಲ್ಲ. ಅವಳು ಅಳಲಿಲ್ಲ. ನೆಂಟರೆಲ್ಲ ಅವಳ ಮುಖವನ್ನೇ ನೋಡುತ್ತ ಕುಳಿತಿದ್ದರು. ಅತ್ತುಬಿಡು ಎಂದರು, ಬೆನ್ನು ತಟ್ಟಿದರು, ಗಂಡನ ಫೋಟೋ ತಂದು ಮಡಿಲಿಗೆ ಹಾಕಿದರು. ಆಗಲೂ ಅಳು ಬರದಿದ್ದಾಗ, ಇದೆಂಥ ಕಲ್ಲಪ್ಪಾ ಎಂದು ಎದ್ದುಹೋದರು.

“ಈಗ ಮನೇಲಿ ನಾನು, ನಮ್ಮತ್ತೆ ಇಬ್ಬರೇ. ಈ ನೀಲಿ ಸರಿ ಇದೆಯಾ, ಸ್ವಲ್ಪ ಇಳಿಸಲಾ?”

“ಸರಿ ಇದೆ,” ಎಂದ ಅವನು. ನೀಲಿಯ ಕಡೆ ನೋಡಿರಲೇ ಇಲ್ಲ.

ಪಾಪ, ಅವತ್ತೇ ಅವನು ಅವಳಿಗೆ ಪೂರ್ತಿ ಸೋತುಹೋದ! ಮನೆಗೆ ಹೋಗುವಾಗ ಬಸ್ಸಿನಲ್ಲಿ ತನ್ನ ನಿಲ್ದಾಣ ದಾಟಿ ಎಲ್ಲೋ ಹೋಗಿ ಇಳಿದ. ಅವಳನ್ನು ಆ ಬೆಂಚಿನಿಂದ ಹೇಗಾದರೂ ಎಬ್ಬಿಸಬೇಕು ಎಂಬುದೊಂದೇ ಅವನ ತಲೆಯಲ್ಲಿ ಕೊರೆಯುತ್ತಿತ್ತು.

ಅವಳಿಗೆ? ಅವಳಿಗೆ ಏನೂ ಅನಿಸಲಿಲ್ಲ. ಮಧ್ಯಾಹ್ನವಾದರೆ ಪಕ್ಕದ ಕುರ್ಚಿಯ ಮೇಲಿನ ಕಾಗದಗಳನ್ನು ತೆಗೆದಿಡುತ್ತಿದ್ದಳು. ಅವನು ಬರುವುದು ತಡವಾದರೆ ಒಂದೇ ಚೌಕಕ್ಕೆ ಎರಡೆರಡು ಸಲ ಬಣ್ಣ ಹಚ್ಚುತ್ತಿದ್ದಳು. ಅಷ್ಟೇ.

ಕಥೆಯ ಕೊನೆಯ ಪುಟ ಬಂದ ದಿನ ಅವನ ಮುಖ ಅರಳಿತ್ತು. “ನೋಡಿ! ನಿಮಗೆ ಹೇಳದೆ ಮಾಡಿದ್ದೀನಿ.”

ಪುಟದ ತುಂಬ ಒಂದೇ ಚಿತ್ರ. ನಿನ್ನೆಗಾರ ಆ ಹೆಂಗಸಿನ ಎರಡೂ ಭುಜ ಹಿಡಿದು ಅಲುಗಾಡಿಸುತ್ತಿದ್ದಾನೆ. ಅವಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ. ಕೆನ್ನೆಯ ಮೇಲೆ ದಪ್ಪ ದಪ್ಪ ಹನಿಗಳು.

ಅವಳು ತುಂಬಾ ಹೊತ್ತು ನೋಡಿದಳು.

“ಅಳಿಸಿಬಿಟ್ರಲ್ಲ ಅವಳನ್ನ.”

“ಅತ್ರೇನೇ ಅಲ್ವಾ ಉಸಿರು ಬಿಡೋದು? ಆಗ ವಾಪಸು ಬರ್ತಾಳೆ. ಅತ್ರೆ ಹಗುರ ಆಗುತ್ತೆ ಅಂತ ನಾನು...”

“ಯಾರಿಗೆ ಹಗುರ?”

ಅವನು ಪುಟ ಮುಚ್ಚಲು ಕೈ ಚಾಚಿದ.

“ಯಾರಿಗ್ರೀ ಹಗುರ? ನೋಡೋರಿಗೆ! ಅತ್ರೆ ಹೆಂಡತಿ, ಇಲ್ಲಾಂದ್ರೆ ಕಲ್ಲು! ನೀವೂ ಅವರ ಥರಾನೇ ನನ್ನ ಮುಖ ನೋಡ್ತಾ ಕೂತಿದ್ರಾ ಇಷ್ಟು ದಿನ? ಯಾವಾಗ ಅಳ್ತಾಳೆ ಅಂತ? ನಿಮಗೆ ಹೇಳಿದ್ದು ನನ್ನ ತಪ್ಪು!”

“ದೇವರಾಣೆ ಹಾಗಲ್ಲ... ನಾನು ನಿಮಗೋಸ್ಕರ...”

“ನನಗೋಸ್ಕರ ಯಾರೂ ಏನೂ ಮಾಡಬೇಡಿ!”

ಅವಳು ಮೇಜಿನ ಮೇಲಿದ್ದ ಪೆನ್ನು ಎಳೆದುಕೊಂಡು ಆ ಹೆಂಗಸಿಗೆ ಕಂದು ಬಳಿದಳು. ಸ್ವೆಟರಿಗೆ ಕಂದು, ಮುಖಕ್ಕೆ ಕಂದು, ಉಗುರಿಗೂ ಕಂದು. ಇನ್ನು ಅವಳು ಇವತ್ತಿನವಳಲ್ಲ, ಹಿಂದಿನ ದಿನಕ್ಕೇ ಸೇರಿದವಳು.

“ಅವಳು ಅಲ್ಲೇ ಇರ್ಲಿ ಬಿಡಿ,” ಎಂದು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು.

ಮನೆಯಲ್ಲಿ ಅತ್ತೆ ಟೀವಿ ಮುಂದೆ ಕುಳಿತು ಬೀನ್ಸ್ ನಾರು ತೆಗೆಯುತ್ತಿದ್ದರು. ಅಡುಗೆಮನೆಯಲ್ಲಿ ಪಾತ್ರೆಗಳು ದಡಬಡ ಎಂದಾಗ ಟೀವಿ ಸದ್ದು ಇಳಿಸಿದರು. ಇನ್ನೊಂದು ಪಾತ್ರೆ ಬಿದ್ದಾಗ ಪೂರ್ತಿ ಆರಿಸಿ ಎದ್ದು ಬಂದರು.

“ಏನಾಯ್ತೇ?”

“ಏನಿಲ್ಲ ಅತ್ತೆ. ಆ ಚಿತ್ರ ಬರೆಯೋನು... ದೊಡ್ಡ ಮನುಷ್ಯ! ಯಾರು ಕೇಳಿದ್ರು ಅವನನ್ನ? ಚೆನ್ನಾಗಿ ಬೈದು ಬಂದೆ.”

“ಬೈದ್ಯಾ?”

“ಹ್ಞೂಂ.”

“ಜೋರಾಗಿ ಬೈದ್ಯಾ?”

“ಪಕ್ಕದ ಕೋಣೆಗೂ ಕೇಳಿಸಿರುತ್ತೆ! ಯಾಕೆ ನಗ್ತೀರಿ?”

ಅತ್ತೆ ನಗುತ್ತಿದ್ದರು, ಕಣ್ಣು ಮಾತ್ರ ತುಂಬಿತ್ತು. ಬೀನ್ಸ್ ನಾರು ಅಂಟಿದ ಕೈಯಲ್ಲೇ ಸೊಸೆಯ ಗಲ್ಲ ಹಿಡಿದರು.

“ಎರಡು ವರ್ಷದಿಂದ ನಾನು ಸಾರಿಗೆ ಉಪ್ಪು ಜಾಸ್ತಿ ಹಾಕಿದೀನಿ, ನಿನ್ನ ಹೊಸ ಚಪ್ಪಲಿ ಹಾಕ್ಕೊಂಡು ಹೋಗಿ ಕಿತ್ತು ತಂದಿದೀನಿ, ನೀನು ಮಲಗಿದಾಗ ಬೇಕಂತ್ಲೇ ಟೀವಿ ಜೋರು ಮಾಡಿದೀನಿ. ಒಂದು ದಿನವಾದ್ರೂ ಮುಖ ಸಿಂಡರಿಸ್ಲಿಲ್ಲ ನೀನು. ಅವನು ಯಾರೋ ಬಂದು ಬೈಸಿಕೊಂಡನಲ್ಲೇ! ಪುಣ್ಯವಂತ!”

ಅವಳು ದಂಗಾಗಿ ನಿಂತಳು. ಎದೆ ಹೊಡೆದುಕೊಳ್ಳುತ್ತಿತ್ತು. ದಾರಿಯುದ್ದಕ್ಕೂ ಹೊಡೆದುಕೊಂಡಿತ್ತೇನೋ, ಗಮನಿಸಿರಲಿಲ್ಲ. ‘ಇದು ಏನು? ನನಗೆ... ಸಿಟ್ಟು ಬಂದಿದೆಯಾ?’

“ಅವನು ನಿಂಗೆ ಬರೀ ಚಿತ್ರ ಬರೆಯೋನಾ?” ಅತ್ತೆಯ ದನಿ ತಗ್ಗಿತು.

“ಗೊತ್ತಿಲ್ಲ ಅತ್ತೆ.”

“ಹೋಗಿ ತಿಳ್ಕೊಂಡು ಬಾ. ಹೋದವನು ನಾನು ಹೆತ್ತ ಮಗ ಕಣೇ. ಹೋಗು ಅಂತ ನಾನೇ ಹೇಳಿದ್ಮೇಲೆ ಇನ್ಯಾರ ಅಪ್ಪಣೆ ಬೇಕು ನಿಂಗೆ?”

ಅವಳು ಹೋದಾಗ ಸಂಜೆಯಾಗಿತ್ತು. ಕಚೇರಿ ಖಾಲಿಯಾಗುತ್ತಿತ್ತು. ಅವನು ಅದೇ ಕೋಣೆಯಲ್ಲಿ, ಅದೇ ಕುರ್ಚಿಯಲ್ಲಿ, ಕಂದು ಬಣ್ಣದ ಹೆಂಗಸಿನ ಎದುರು ಕುಳಿತಿದ್ದ. ಕಣ್ಣೀರಿನ ಹನಿಗಳನ್ನೆಲ್ಲ ಅಳಿಸಿದ್ದ. ಭುಜ ಹಿಡಿದಿದ್ದ ನಿನ್ನೆಗಾರನ ಕೈಗಳನ್ನೂ ಅಳಿಸಿದ್ದ. ಮುಂದೆ ಏನು ಬರೆಯಬೇಕೆಂದು ಗೊತ್ತಾಗದೆ ಪೆನ್ನು ಕೆಳಗಿಟ್ಟಿದ್ದ.

ಅವಳನ್ನು ಕಂಡು ಗಡಬಡಿಸಿ ಎದ್ದ. “ತಪ್ಪಾಯ್ತು. ಅವಳು ಅಳೋದು ಬೇಡ. ಬರೋದೂ ಬೇಡ. ನಿನ್ನೆಗಾರನೇ ದಿನಾ ಹೋಗ್ತಾನೆ. ಉಸಿರು ಇರೋವಷ್ಟು ಹೊತ್ತು ಪಕ್ಕದಲ್ಲಿ ಕೂತು ಬರ್ತಾನೆ, ಅಷ್ಟೇ.”

“ಕೂತು ಏನು ಮಾಡ್ತಾನೆ?”

“ಏನೂ ಇಲ್ಲ. ಅವಳು ಒಬ್ಬಳೇ ಇರಬಾರದು ಅಂತ.”

ಅವಳು ತನ್ನ ಕುರ್ಚಿಯಲ್ಲಿ ಕುಳಿತಳು.

“ಅವಳು ಬರ್ತಾಳೆ,” ಎಂದಳು ನಿಧಾನವಾಗಿ. “ಅಳಲ್ಲ. ಬೈತಾಳೆ.”

“ಬೈತಾಳಾ?”

“ದಿನಾ ಬಂದು ಪಕ್ಕದಲ್ಲಿ ಕೂತ್ರೆ ಯಾರಿಗಾದ್ರೂ ರೇಗಲ್ವಾ? ಬೈಯೋಕೆ ಬಾಯಿ ತೆಗೀತಾಳೆ. ಬಾಯಿ ತೆಗೆದ್ರೆ ಉಸಿರು ಬಿಡ್ಲೇಬೇಕಲ್ಲ. ಬಿಟ್ಟ ಕೂಡ್ಲೇ... ಇವತ್ತಿಗೆ ಬಂದ್ಬಿಡ್ತಾಳೆ.”

ಅವನು ಬೆರಗಾಗಿ ನೋಡಿದ. “ನಿನ್ನೆಗಾರನ್ನ ಬೈತಾಳಾ?”

“ಮೊದಲು ಅವನನ್ನ. ಆಮೇಲೆ...” ಅವಳು ಚಿತ್ರದ ಬೆಂಚಿನ ಕಡೆ ನೋಡಿದಳು. “ಆಮೇಲೆ ಅವಳ ಗಂಡನ್ನ. ಔಷಧಿ ತರೋಷ್ಟರಲ್ಲಿ ಹೊರಟುಬಿಟ್ರು... ನಾನು ಬರೋವರೆಗೂ ಕಾಯಬಾರದಿತ್ತಾ? ಒಂದು ಮಾತು... ಒಂದೇ ಒಂದು ಮಾತು ಹೇಳಿ ಹೋಗಬಾರದಿತ್ತಾ?!”

ಅವನು ಅವಳ ಮುಖ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಅತ್ತಳೋ ಇಲ್ಲವೋ ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ, ನಾವೂ ಕೇಳುವುದು ಬೇಡ. ಕಿಟಕಿಯ ಕಡೆ ತಿರುಗಿ, “ಇನ್ನೂ ಬೈಯಿರಿ,” ಎಂದ ಅಷ್ಟೇ.

ಅವಳು ಬೈದಳು. ತುಂಬಾ ಹೊತ್ತು ಬೈದಳು. ಎಲ್ಲ ಮುಗಿದ ಮೇಲೆ ಉದ್ದನೆಯ ಒಂದು ಉಸಿರು ಬಿಟ್ಟಳು.

“ನನಗೆ ನೀವಂದ್ರೆ ಇಷ್ಟ,” ಎಂದ ಅವನು, ಕಿಟಕಿಗೆ ಹೇಳುವವನ ಹಾಗೆ. “ನೀವು ನಗದಿದ್ರೂ, ಅಳದಿದ್ರೂ.”

“ನನಗೆ ಏನು ಅನ್ಸುತ್ತೆ ಅಂತ ಇನ್ನೂ ಪೂರ್ತಿ ಗೊತ್ತಾಗ್ತಿಲ್ಲ.”

“ಪರವಾಗಿಲ್ಲ.”

“ಒಂದು ಮಾತ್ರ ಗೊತ್ತಾಗ್ತಿದೆ.”

ಅವನ ಎದೆ ಡವಗುಟ್ಟಿತು. “ಏನು?”

“ಹಸಿವು. ನಿಮ್ಮಿಂದಾಗಿ ಮಧ್ಯಾಹ್ನ ಊಟಾನೇ ಮಾಡಿಲ್ಲ.”

“ನಾನೂ ಮಾಡಿಲ್ಲ.”

“ಮನೆಗೆ ಬನ್ನಿ ಹಾಗಾದ್ರೆ. ಅತ್ತೆ ಬೀನ್ಸ್ ಬಿಡಿಸ್ತಿದ್ರು.”

ಇಬ್ಬರೂ ಮೆಟ್ಟಿಲಿಳಿಯತೊಡಗಿದರು. ಅರ್ಧ ಇಳಿದ ಮೇಲೆ ಅವನು ತಡೆದು ನಿಂತ. “ನಾನು ಯಾರು ಅಂತ ಹೇಳ್ತೀರಿ ಅವರಿಗೆ?”

ಅವಳು ಅವನ ತೋಳು ಹಿಡಿದುಕೊಂಡಳು. ಬೆಚ್ಚಗಿತ್ತು. ಅದು ಅವಳಿಗೆ ಗೊತ್ತಾಯಿತು.

“ನಾನು ಬೈದಿದ್ದು ಇವರನ್ನೇ ಅಂತ ಹೇಳ್ತೀನಿ.”