ಪೂರ್ವದ ಡಾರ್ಲಾ, ಪಶ್ಚಿಮದ ಕ್ವಿನ್ಸಿ

"ಪೂರ್ವದ ತಂಡಗಳು ಗೆಲ್ಲೋದು ಯಾಕೆ ಗೊತ್ತಾ? ಎದುರಿಗೆ ಆಡೋದೂ ಪೂರ್ವದ ತಂಡವೇ ಅಲ್ವಾ!"

ಕ್ಲೀವ್‌ಲ್ಯಾಂಡಿನ ರೇಡಿಯೋ ಸ್ಟುಡಿಯೋದಲ್ಲಿ ಕ್ವಿನ್ಸಿ ಡಾರ್ಲಾಗೆ ಹೇಳಿದ ಮೊದಲ ಮಾತೇ ಅದು. ಅವಳ ಹೆಸರನ್ನೂ ಕೇಳಿರಲಿಲ್ಲ ಪುಣ್ಯಾತ್ಮ.

"ಪಶ್ಚಿಮ ಅಷ್ಟು ಬಲವಾಗಿದ್ರೆ ನೀನ್ಯಾಕಪ್ಪ ಇಲ್ಲಿಗೆ ಬಂದೆ? ಅಲ್ಲಿಂದ ಓಡಿಸಿದ್ರಾ?"

ಕೇಳುಗರಿಗೆ ಹಬ್ಬ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನ ಪೂರ್ವ, ಪಶ್ಚಿಮ ಎಂಬ ಎರಡು ಬಣಗಳಲ್ಲಿ ಯಾವುದು ಮೇಲು ಎಂದು ಇವರಿಬ್ಬರೂ ದಿನಾ ಬೆಳಗ್ಗೆ ಕಚ್ಚಾಡಬೇಕು. ಅದಕ್ಕೇ ಸಂಬಳ! ಮೈಕಿನಲ್ಲಿ ಬೈದದ್ದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂಬುದು ಅಲ್ಲಿನವರ ಕಟ್ಟಳೆ.

ಡಾರ್ಲಾ ಹಚ್ಚಿಕೊಂಡದ್ದು ಅವನನ್ನೇ. ಆದರೆ ಮೈಕ್ ಆರಿದೊಡನೆ ನಾಚಿ, ಬ್ಯಾಗು ಎತ್ತಿಕೊಂಡು ಓಡಿಬಿಡುತ್ತಿದ್ದಳು. ಬೇರೆ ದಾರಿಯಿಲ್ಲದೆ ಅವನು ಮೈಕಿನಲ್ಲೇ ಕೇಳಿಬಿಟ್ಟ.

"ಪಶ್ಚಿಮದಿಂದ, ಫೀನಿಕ್ಸ್ ರೇಡಿಯೋದವರು ಕೆಲಸಕ್ಕೆ ಕರೆದಿದಾರೆ. ನೀನು ಇರು ಅಂದ್ರೆ ಇಲ್ಲೇ ಇರ್ತೀನಿ. ನಿನ್ನನ್ನ ಪ್ರೀತಿಸ್ತೀನಿ ಕಣೇ..."

'ಓಹೋ, ಇವತ್ತು ಹೊಸ ಬಲೆ... ಹೂಂ ಅಂದರೆ ಊರೆಲ್ಲ ನಗುತ್ತೆ,' ಎಂದುಕೊಂಡಳು ಡಾರ್ಲಾ.

"ಪಶ್ಚಿಮದವರು ಬಿಸಾಕಿದ್ದನ್ನ ಎತ್ಕೊಳ್ಳೋಕೆ ಪೂರ್ವ ಏನು ಗುಜರಿ ಅಂಗಡೀನಾ? ಹೋಗಯ್ಯಾ. ಹೆತ್ತವಳೇ ನಿನ್ನನ್ನ ಇಟ್ಕೊಳ್ಳಲಿಲ್ಲ, ನಾನು ಇಟ್ಕೋಬೇಕಾ?"

ಅವನು ಅನಾಥಾಶ್ರಮದಲ್ಲಿ ಬೆಳೆದವನು. ಅದನ್ನು ಮೈಕಿನಲ್ಲಿ ಅವನೇ ಎಷ್ಟೋ ಸಲ ತಮಾಷೆ ಮಾಡಿದ್ದ. ಅಂದು ಮಾತ್ರ ಒಣನಗೆ ನಕ್ಕ. ವಾರ ಕಳೆಯುವಷ್ಟರಲ್ಲಿ ಫೀನಿಕ್ಸ್‌ಗೆ ಹೊರಟೇಹೋದ.

ರೇಡಿಯೋದವರು ಆ ತುಣುಕನ್ನೇ ಕತ್ತರಿಸಿ ಗಂಟೆಗೊಮ್ಮೆ ಜಾಹೀರಾತಿನಂತೆ ಬಿಟ್ಟರು, ಕಟುಕರು. ಮೊದಮೊದಲು ಡಾರ್ಲಾಗೂ ಹೆಮ್ಮೆಯೇ. ಕೇಳುತ್ತ ಕೇಳುತ್ತ ಒಂದು ದಿನ ಅವಳಿಗೆ ಹೊಳೆಯಿತು. 'ಪ್ರೀತಿಸ್ತೀನಿ' ಎನ್ನುವಾಗ ಅವನ ದನಿ ನಡುಗಿತ್ತು. ತಮಾಷೆಗೆ ಯಾರ ದನಿಯೂ ಹಾಗೆ ನಡುಗುವುದಿಲ್ಲ.

'ಅಯ್ಯೋ... ನಾನೇನು ಮಾಡಿಬಿಟ್ಟೆ?'

ಅವನು ಅವಳ ಫೋನ್ ಎತ್ತಲಿಲ್ಲ. ಕೊನೆಗೆ ಅವನ ಹೊಸ ಕಾರ್ಯಕ್ರಮಕ್ಕೇ ಕೇಳುಗರಲ್ಲೊಬ್ಬಳಂತೆ ಫೋನ್ ಮಾಡಿದಳು. ಬೇಕೆಂದೇ ಕಾಯಿಸಿದ. ಅಲ್ಲಿಯವರು ಪೂರ್ವವನ್ನು ಆಡಿಕೊಂಡು ನಗುವುದನ್ನೆಲ್ಲ ಕೇಳಿಸಿಕೊಂಡು ಕೂತಳು.

"ಹೇಳಿ, ಗುಜರಿ ಅಂಗಡಿಯವರೇ."

"ನಾನು ಆಟ ಅಂದ್ಕೊಂಡೆ ಕ್ವಿನ್ಸಿ. ನಾನೂ ನಿನ್ನನ್ನ ಪ್ರೀತಿಸ್ತೀನಿ."

"ಇದೂ ಆಟಾನೇ. ನಿಜ ಆಗಿದ್ರೆ, ಪಶ್ಚಿಮವೇ ಬಲ ಅಂತ ಎಲ್ಲರ ಮುಂದೆ ಒಪ್ಕೋ."

'ಅಂದುಬಿಡೇ, ಒಂದೇ ಮಾತು...' ಅವಳ ಕಣ್ಣು ತುಂಬಿತು.

"ಕಾಲು ಬೇಕಾದ್ರೂ ಹಿಡೀತೀನಿ. ಅದೊಂದು ಹೇಳಲ್ಲ ಕಣೋ. ನನಗೆ ಹಾಗನ್ನಿಸಲ್ಲ. ಮನಸ್ಸಲ್ಲಿ ಇಲ್ಲದ ಮಾತನ್ನ ಇನ್ಮೇಲೆ ನಿನ್ಹತ್ರ ಆಡಲ್ಲ."

"ಒಪ್ಕೊಂಡಿದ್ರೆ ಫೋನ್ ಇಟ್ಟುಬಿಡ್ತಿದ್ದೆ," ಎಂದ ಕ್ವಿನ್ಸಿ. "ನಾಟಕ ಆಗಿದ್ರೆ ನೀನು ಒಪ್ಕೊಂಡಿರ್ತಿದ್ದೆ."

"ಹಾಗಾದ್ರೆ... ಕ್ಷಮಿಸಿದೆಯಾ?"

"ಇಲ್ಲ. ಅಮ್ಮನ ಬಗ್ಗೆ ನೀನಾಡಿದ ಮಾತು ಇನ್ನೂ ಚುಚ್ತಾ ಇದೆ. ಆದ್ರೂ ಬಾ, ಡಾರ್ಲಾ."

"ಹೊರಟೆ."