ಮಗ್ಗ ನಿಂತ ಹೊತ್ತು

ಸೊಸೆ ಮೇನ್ ಸ್ವಿಚ್ಚಿನ ಹಿಡಿಯನ್ನು ಎರಡೂ ಕೈಯಿಂದ ಹಿಡಿದು ಕೆಳಕ್ಕೆ ಎಳೆದೇಬಿಟ್ಟಳು. ಅದೂ ಹಾಡುಹಗಲಲ್ಲಿ, ನಾಲ್ಕೂ ಮಗ್ಗಗಳು ಧಡಧಡನೆ ಟವೆಲು ನೇಯುತ್ತಿರುವಾಗ! ಕರೆಂಟು ಕೈಕೊಟ್ಟಾಗ ಬಿಟ್ಟರೆ ಆ ಮನೆಯಲ್ಲಿ ಕೆಲಸದ ಹೊತ್ತಿನಲ್ಲಿ ಮಗ್ಗ ನಿಂತದ್ದೇ ಇಲ್ಲ. ಮದುವೆಯಾಗಿ ಬಂದಾಗಿನಿಂದ ಅತ್ತೆಯೆದುರು ತುಟಿಪಿಟಕ್ಕೆನ್ನದವಳು, ಹೇಳಿದ್ದನ್ನೂ ಹೇಳದ್ದನ್ನೂ ತಲೆತಗ್ಗಿಸಿಕೊಂಡು ಮಾಡುತ್ತಿದ್ದವಳು, ಇವತ್ತು ಹತ್ತಿಯ ಧೂಳು ಮೆತ್ತಿದ ಮುಖದ ಮೇಲೆ ಕಣ್ಣೀರಿನ ಗೆರೆ ಬಿದ್ದಿದ್ದರೂ ಒರೆಸಿಕೊಳ್ಳದೆ ಸ್ವಿಚ್ಚಿನ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ಕಾಲ ಬಳಿ ಒಂದು ಪುಟ್ಟ ಚೀಲವಿತ್ತು. ಅದರ ತುಂಬ ಅವಳ ಮಗಳ ಬಟ್ಟೆಗಳಿದ್ದವು.

ಕಾಲಡಿಯ ನೆಲದ ನಡುಕ ನಿಂತದ್ದೇ ತಡ, ಹಿಂದಿನ ನೂಲಿನ ಕೋಣೆಯಿಂದ ಅತ್ತೆ ಓಡಿಬಂದಳು.

"ಯಾರು ನಿಲ್ಸಿದ್ದು? ಏನಾಗಿದೆ ನಿಂಗೆ? ಸಂಜೆಯೊಳಗೆ ಮಾಲು ಹೋಗ್ಬೇಕು!"

"ನಾನೇ ನಿಲ್ಸಿದ್ದು. ಈ ಚೀಲ ಯಾರು ಕಟ್ಟಿದ್ದು? ಅದನ್ನ ಮೊದ್ಲು ಹೇಳಿ ಅತ್ತೆ, ಆಮೇಲೆ ಮಾಲಿನ ಮಾತು."

"ನಾನೇ ಕಟ್ಟಿದ್ದು. ಯಾರಿಗೂ ಕದ್ದುಮುಚ್ಚಿ ಕಟ್ಟಿಲ್ಲ. ಮಾತು ಬಾರದ ಮಕ್ಕಳ ವಸತಿಶಾಲೆಯವರು ಸೇರಿಸ್ಕೊಳ್ತೀವಿ ಅಂದಿದ್ದಾರೆ. ನಾಳೆ ಬೆಳಿಗ್ಗೆ ಗಾಡಿ ಬರುತ್ತೆ."

ನಾಳೆ ಬೆಳಿಗ್ಗೆ! ಹೆತ್ತವಳನ್ನು ಒಂದು ಮಾತು ಕೇಳುವುದು ಬೇಡವೇ? ಸೊಸೆ ಮೂಲೆಯ ಮಗ್ಗದ ಬಳಿ ಎಣ್ಣೆಯ ಡಬ್ಬಿ ಹಿಡಿದು ನಿಂತಿದ್ದ ಗಂಡನತ್ತ ನೋಡಿದಳು. ಮಗ್ಗದ ಯಾವ ಮೊಳೆ ಎಲ್ಲಿ ಸಡಿಲವಾಗಿದೆಯೆಂದು ದೂರದಿಂದಲೇ ಹೇಳಬಲ್ಲ ಮನುಷ್ಯ, ಹೆಂಡತಿಯ ಕಣ್ಣು ತಪ್ಪಿಸಿ ಡಬ್ಬಿಯ ಮುಚ್ಚಳ ತಿರುಗಿಸುತ್ತ ನಿಂತ. ಅಂದರೆ ಇವನಿಗೂ ಗೊತ್ತಿತ್ತು...

ಆ ಮನೆಯ ರೀತಿಯೇ ಹಾಗೆ. ಕೆಳಗೆ ಮಗ್ಗ, ಮೇಲೆ ಸಂಸಾರ. ಬೆಳಗಾದರೆ ಶುರುವಾಗುವ ಧಡಧಡ ದೀಪ ಹಚ್ಚುವ ಹೊತ್ತಿನವರೆಗೂ ನಿಲ್ಲದು. ಆ ಸದ್ದಿನಲ್ಲಿ ಗಂಟಲು ಹರಿದುಕೊಂಡರೂ ಪಕ್ಕದವರಿಗೆ ಕೇಳದು. ಅದಕ್ಕೇ ಅಲ್ಲಿ ಎಲ್ಲವೂ ಕೈಸನ್ನೆ, ಇಲ್ಲವೇ ಎದುರು ನಿಂತವರ ತುಟಿ ನೋಡಿ ತಿಳಿದುಕೊಳ್ಳುವುದು. ಅಂಗೈ ಅಡ್ಡ ಹಿಡಿದರೆ ನಿಲ್ಲಿಸು. ಮುಷ್ಟಿ ಬಾಯಿಗೆ ತಂದರೆ ಊಟಕ್ಕೆ ಬಾ. ಎರಡು ಬೆರಳು ಜೋಡಿಸಿ ಪಟ್ಟನೆ ಬಿಡಿಸಿದರೆ ನೂಲು ಹರಿದಿದೆ. ಮಾತು ಉಳಿಸಿ ಉಳಿಸಿ ಎಷ್ಟು ಅಭ್ಯಾಸವಾಗಿತ್ತೆಂದರೆ, ಮಗ್ಗ ನಿಂತ ಮೇಲೆ ಊಟಕ್ಕೆ ಕೂತಾಗಲೂ ಉಪ್ಪು ಬೇಕಾದರೆ ಬೆರಳೇ ಮೇಲೇಳುತ್ತಿತ್ತು. ಹಿಂದಿನಿಂದ ಕರೆದರೆ ಅತ್ತೆ ತಿರುಗಿಯೂ ನೋಡುತ್ತಿರಲಿಲ್ಲ. ಯಜಮಾನಿಕೆಯ ಸೊಕ್ಕು ಎಂದುಕೊಂಡು ಸೊಸೆ ಹಲ್ಲು ಕಚ್ಚಿ ನುಂಗಿಕೊಂಡಿದ್ದಳು.

ಇಂಥ ಮನೆಯಲ್ಲಿ ಹುಟ್ಟಿದ ಮಗು. ಆ ಗೋಡೆಯಿಂದ ಈ ಗೋಡೆಗೆ ಒಂದೇ ಸಮ ಓಡುತ್ತದೆಂದು ಅಜ್ಜಿಯೇ ಅದಕ್ಕೆ, ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಲಾಳಿಯದೇ ಹೆಸರಿಟ್ಟಿದ್ದಳು. ತಾಯಿ ಮಗ್ಗದ ಮುಂದೆ, ಲಾಳಿ ಇಡೀ ದಿನ ನೂಲಿನ ಕೋಣೆಯಲ್ಲಿ ಅಜ್ಜಿಯ ಹತ್ತಿರ. ಅಜ್ಜಿಗೆ ಮೊಮ್ಮಗಳೆಂದರೆ ಪ್ರಾಣ. ಅದನ್ನು ಸೊಸೆಯೂ ಅಲ್ಲಗಳೆಯುವಂತಿರಲಿಲ್ಲ. ಲಾಳಿಗೆ ಎರಡು ತುಂಬಿ ಮೂರರ ಹತ್ತಿರ ಬಂದಿತ್ತು, ಒಂದು ಮಾತಿಲ್ಲ! ಗೊಂಬೆಯ ಕೈ ಮುರಿದರೂ, ಹಾಲು ಚೆಲ್ಲಿದರೂ, ಮೊಣಕಾಲು ತರಚಿ ರಕ್ತ ಬಂದರೂ ಅಷ್ಟೇ, ಎರಡು ಬೆರಳು ಜೋಡಿಸಿ ಪಟ್ಟನೆ ಬಿಡಿಸಿ ತೋರಿಸುತ್ತಿದ್ದಳು. ನೂಲು ಹರಿದಿದೆ! ಮೊದಲ ಸಲ ಅದನ್ನು ಕಂಡು ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಆಮೇಲಾಮೇಲೆ ಯಾರಿಗೂ ನಗು ಬರಲಿಲ್ಲ.

ಹೋದ ವಾರ ಲಾಳಿ ಓಡುತ್ತ ಓಡುತ್ತ ಮಗ್ಗದ ಬೆಲ್ಟಿನ ಹತ್ತಿರ ಹೋಗಿಬಿಟ್ಟಳು. ಅಜ್ಜಿ ಹಾರಿ ಎಳೆದುಕೊಳ್ಳದಿದ್ದರೆ... ಅಯ್ಯೋ, ನೆನೆದರೆ ಮೈ ಜುಮ್ಮೆನ್ನುತ್ತದೆ! ಅಂದೇ ಅತ್ತೆ ಮುಖ ಗಂಟಿಕ್ಕಿಕೊಂಡು ಹೇಳಿದ್ದಳು: "ಕೂಗಿದ್ರೆ ಓಗೊಡಲ್ಲ, ಹೆದರಿದ್ರೆ ಕಿರುಚಲ್ಲ. ಈ ಮನೆ ಅವಳಿಗೆ ಯಮಲೋಕ. ನಿನ್ನ ತವರಿನ ಕಡೆಯಿಂದ ಬಂದ ಮೂಗತನ ಇದು. ನಮ್ಮ ಕಡೆ ಯಾರಿಗೂ ಇಲ್ಲ."

ಆ ಕೊನೆಯ ಮಾತು ಸೊಸೆಯ ಎದೆಗೆ ನಾಟಿತು. ಮರುದಿನವೇ ಮಗುವನ್ನು ಸೊಂಟಕ್ಕೇರಿಸಿಕೊಂಡು ಆಸ್ಪತ್ರೆಗೆ ನಡೆದಳು. ಕಿವಿ ಪರೀಕ್ಷೆಯಾಯಿತು, ಏನೂ ತೊಂದರೆಯಿಲ್ಲ. ಮಕ್ಕಳಿಗೆ ಮಾತು ಕಲಿಸುವ ತಜ್ಞೆ ಲಾಳಿಯ ಜೊತೆ ನೆಲದ ಮೇಲೆ ಕೂತು ಬಹಳ ಹೊತ್ತು ಆಡಿದಳು. ಆಮೇಲೆ ಕೇಳಿದಳು: "ಹಗಲೆಲ್ಲ ಇವಳ ಜೊತೆ ಯಾರು ಮಾತಾಡ್ತಾರೆ?"

ಸೊಸೆ ಮಗ್ಗದ ಸದ್ದು, ಮನೆಯವರ ಕೈಸನ್ನೆ ಎಲ್ಲವನ್ನೂ ಹೇಳಿದಳು.

"ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ ಮಾಡ್ತಿರೋ ಕೆಲಸಾನೇ ಹೇಳ್ತಾ ಹೋಗಿ. ಅವಳ ಎತ್ತರಕ್ಕೆ ಕೂತು ಮುಖ ನೋಡಿ. ಅವಳು ಎಂಥ ಸದ್ದು ಮಾಡಿದ್ರೂ ತಿರುಗಿ ಉತ್ತರ ಕೊಡಿ. ಏನಾದ್ರೂ ಕೇಳಿದ್ಮೇಲೆ ಸ್ವಲ್ಪ ಕಾಯಿರಿ, ನೀವೇ ಮುಗಿಸಿಬಿಡಬೇಡಿ. ಕೈಸನ್ನೇನ ತಡೀಬೇಡಿ, ಅದರ ಜೊತೆಗೆ ಮಾತು ಸೇರಿಸಿ. ಮತ್ತೆ ನನ್ನ ಹತ್ರ ತಪ್ಪದೆ ಕರ್ಕೊಂಡು ಬನ್ನಿ. ಆದ್ರೆ ಮೊದ್ಲು ಆ ಮನೇಲಿ ಮಾತು ಕೇಳಿಸೋ ಹಾಗಾಗ್ಬೇಕಮ್ಮ."

ಸೊಸೆ ಮನೆಗೆ ಬಂದು ಕೇಳಿದ್ದು ಒಂದೇ ಒಂದು. ಬೆಳಿಗ್ಗೆ ಒಂದಿಷ್ಟು ಹೊತ್ತು, ಮಧ್ಯಾಹ್ನ ಒಂದಿಷ್ಟು ಹೊತ್ತು ಮಗ್ಗ ನಿಲ್ಲಲಿ. "ನಾನು ಸತ್ತ ಮೇಲೆ ನಿಲ್ಸು!" ಎಂದು ಅತ್ತೆ ಎದ್ದು ಹೋಗಿದ್ದಳು. ಅದಾದ ಮೇಲೆ ಕಂಡದ್ದು ಈ ಚೀಲ.

"ಸರಿ ಪಕ್ಕಕ್ಕೆ!" ಅತ್ತೆ ಈಗ ಗುಡುಗಿದಳು. "ನನಗೇನು ಅವಳ ಮೇಲೆ ಹಗೆನಾ? ಅಲ್ಲಿದ್ರೆ ಜೀವ ಉಳಿಯುತ್ತೆ ಅಂತ ಕಳಿಸ್ತಿರೋದು. ಲೇ ಮಗನೇ, ಸ್ವಿಚ್ ಹಾಕೋ!"

ಗಂಡ ಡಬ್ಬಿ ಕೆಳಗಿಟ್ಟು ಎರಡು ಹೆಜ್ಜೆ ಬಂದ.

"ಬನ್ನಿ," ಎಂದಳು ಸೊಸೆ. ಪೆಟ್ಟಿಗೆಗೆ ಇನ್ನಷ್ಟು ಒತ್ತಿ ನಿಂತಳು. "ನನ್ನನ್ನ ದೂಡಿ ಹಾಕಿ ಬನ್ನಿ ನೋಡೋಣ! ನನ್ನ ಮಗಳ ಜೊತೆ ಇಲ್ಲಿ ತನಕ ಯಾರೂ ಮಾತಾಡಿಲ್ಲ. ಮಾತಾಡಿ ನೋಡಿ, ಆಮೇಲೂ ಬರಲಿಲ್ಲ ಅಂದ್ರೂ ಅವಳು ಇಲ್ಲೇ ಇರ್ತಾಳೆ. ಅವಳ ಕೈಮಾತು ನಾನು ಕಲೀತೀನಿ, ನೀವೂ ಕಲೀತೀರಿ. ಚೀಲ ಹೋಗೋದಾದ್ರೆ ಅದರ ಜೊತೆ ನಾನೂ ಹೋಗ್ತೀನಿ."

ಆ ನಿಶ್ಶಬ್ದದಲ್ಲಿ ಎಲ್ಲೋ ನಲ್ಲಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಬೀದಿಯಲ್ಲಿ ಯಾರದೋ ಸೈಕಲ್ ಬೆಲ್ಲು. ಈ ಮನೆಗೂ ಇಷ್ಟು ಸದ್ದುಗಳಿವೆಯೇ ಎನಿಸಿತು ಸೊಸೆಗೆ. ಆಗ ಇನ್ನೊಂದು ಕೇಳಿತು, ಸಣ್ಣ ದನಿ.

"ಅ... ಜೀ..."

ಅತ್ತೆಯ ಬೆನ್ನ ಹಿಂದೆ, ಕೈಯಲ್ಲೊಂದು ನೂಲು ಸುತ್ತುವ ಖಾಲಿ ಉರುಳೆ ಹಿಡಿದು ಲಾಳಿ ನಿಂತಿದ್ದಳು. ಸೊಸೆ ಗಕ್ಕನೆ ಅತ್ತ ತಿರುಗಿದಳು. ತನ್ನ ಮಗಳ ದನಿ! ಮಗ್ಗದ ಸದ್ದಿನ ಅಡಿಯಲ್ಲಿ ಎಷ್ಟು ದಿನದಿಂದ ಹೂತುಹೋಗಿತ್ತೋ ಇದು!

"ಅ... ಜೀ!" ಮಗು ಇನ್ನೂ ಗಟ್ಟಿಯಾಗಿ ಕರೆಯಿತು.

ಅತ್ತೆ ತಿರುಗಲಿಲ್ಲ. ಮಾಲು, ಗಾಡಿ, ತವರು ಎಂದು ಮತ್ತೆ ಸೊಸೆಯತ್ತ ಕೈ ಬೀಸತೊಡಗಿದಳು. ಲಾಳಿ ಒಂದು ಗಳಿಗೆ ಕಾದಳು. ಅಳಲಿಲ್ಲ, ಮುನಿಸಿಕೊಳ್ಳಲಿಲ್ಲ. ಇದೇನು ಹೊಸತಲ್ಲ ಎಂಬಂತೆ ಬಾಯಿ ಮುಚ್ಚಿಕೊಂಡು ಸುತ್ತಿ ಮುಂದೆ ಬಂದು, ಎರಡು ಬೆರಳು ಜೋಡಿಸಿ ಪಟ್ಟನೆ ಬಿಡಿಸಿದಳು. ಅಷ್ಟೇ! ಅತ್ತೆಯ ಸಿಟ್ಟೆಲ್ಲ ಕರಗಿತು, ಬಾಗಿ ಮಗುವನ್ನು ಬಾಚಿಕೊಂಡಳು. "ಏನಾಯ್ತು ನನ್ನ ಬಂಗಾರ? ನೂಲು ಮುಗೀತಾ?"

ಸೊಸೆಗೆ ಒಮ್ಮೆಲೇ ಎಲ್ಲವೂ ತಿಳಿಯಿತು. ಮೆಲ್ಲಗೆ ಸ್ವಿಚ್ಚಿನ ಪೆಟ್ಟಿಗೆ ಬಿಟ್ಟು ಅತ್ತೆಯ ಬೆನ್ನ ಹಿಂದೆ ಹೋಗಿ ನಿಂತಳು.

"ಅತ್ತೆ."

ಇಲ್ಲ.

"ಅತ್ತೆ!"

ಗಂಡನ ಮುಖ ಬಿಳುಚಿಕೊಂಡಿತು. ಅವನೂ ಹಿಂದೆ ಬಂದು, ಚಿಕ್ಕವನಾಗಿದ್ದಾಗ ಕೂಗುತ್ತಿದ್ದಂತೆ ಕೂಗಿದ: "ಅಮ್ಮಾ!"

ಅತ್ತೆ ಮೊಮ್ಮಗಳ ಕೆನ್ನೆಗೆ ಮುತ್ತಿಡುತ್ತಲೇ ಇದ್ದಳು. ತುಸು ಹೊತ್ತಿನ ಮೇಲೆ ತಾನಾಗಿ ತಿರುಗಿದವಳು ಇಬ್ಬರ ಮುಖ ಕಂಡು ತಡೆದಳು. "ಏನು? ಯಾಕೆ ಹಾಗೆ ನೋಡ್ತೀರಾ?" ಎಂದವಳಿಗೆ ಅವರು ಹಿಂದೆ ನಿಂತು ಕೂಗಿದ್ದರೆಂಬುದು ಹೊಳೆಯಿತು. ನೂಲಿನ ಮೂಟೆಯ ಮೇಲೆ ಕುಸಿದು ಕೂತಳು.

"ಗೊತ್ತಾಯ್ತಾ? ಗೊತ್ತಾಗ್ಲಿ ಬಿಡಿ..." ಅವಳ ಕಣ್ಣು ತುಂಬಿ ಹರಿಯಿತು. "ನನಗೆ ಎಷ್ಟೋ ವರ್ಷದಿಂದ ಗೊತ್ತು. ಮಗ್ಗ ಓಡ್ತಿದ್ರೆ ಯಾರಿಗೆ ಯಾರ ಮಾತೂ ಕೇಳಲ್ಲ, ಎಲ್ರೂ ನನ್ನ ಹಾಗೇನೇ. ನಿಂತ್ರೆ ಮಾತ್ರ... ನಾನೊಬ್ಳೇ ಆಗ್ತೀನಿ. ಕಿವುಡಿ ಅಂತ ಮೂಲೇಲಿ ಕೂರಿಸಿಬಿಡ್ತೀರಿ ಅಂತ ಹೆದರಿದ್ದೆ."

"ಲಾಳಿ ಈಗ ನಿಮ್ಮನ್ನ ಕರೆದ್ಲು, ಅತ್ತೆ," ಎಂದಳು ಸೊಸೆ, ಎದುರಿಗೆ ಕೂತು, ತುಟಿ ಕಾಣುವಂತೆ. "ಹಿಂದೆ ನಿಂತು ಎರಡು ಸಲ ಅಜ್ಜಿ ಅಂದ್ಲು."

ಅತ್ತೆಯ ಕೈ ಬಾಯಿಗೆ ಹೋಯಿತು. "ಕರೆದ್ಲಾ? ಅಯ್ಯೋ ದೇವರೇ! ತೊಟ್ಟಿಲಲ್ಲಿದ್ದಾಗಿಂದ ಎಷ್ಟು ಸಲ ಕರೆದಿತ್ತೋ ಕಂದ... ಓಗೊಡೋರಿಲ್ಲ ಅಂತ ಸುಮ್ಮನಾಯ್ತಾ? ನಿನ್ನ ತವರನ್ನ ಜರಿದೆನಲ್ಲೇ... ನಾನೇನಾ ಇದರ ಬಾಯಿ ಕಟ್ಟಿದ್ದು?"

ಹೌದು, ನೀವೇ! ಎನ್ನಲು ಸೊಸೆಯ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದ ಅಷ್ಟೂ ಮಾತುಗಳನ್ನು ಕಕ್ಕಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಆದರೆ ಆ ಮುದಿ ಬೆರಳುಗಳು ಮಗುವಿನ ತುಟಿಯನ್ನು ಸವರುತ್ತ ಇನ್ನೊಮ್ಮೆ ಅನ್ನು, ಇನ್ನೊಮ್ಮೆ ಅನ್ನು ಎಂದು ಬೇಡುತ್ತಿದ್ದವು.

"ನೀವೊಬ್ರೇ ಅಲ್ಲ. ನಾನೂ ದಿನವೆಲ್ಲ ಈ ಮಗ್ಗದ ಮುಂದೇನೇ ಇದ್ದೆ, ನಿಮ್ಮ ಮಗನೂ ಇಲ್ಲೇ ಇದ್ರು. ನಿಮ್ಮ ಕಿವಿ ತಿಂದಿದ್ದೂ ಈ ಸದ್ದೇ. ತವರಿನ ಮಾತು ನಾನು ಮರೆಯಲ್ಲ, ಅತ್ತೆ, ಅದು ಬೇರೆ. ಆದ್ರೆ ಈ ಮನೆಯಿಂದ ಯಾರೂ ಎಲ್ಲಿಗೂ ಹೋಗಲ್ಲ. ಇವಳೂ ಇಲ್ಲ, ನೀವೂ ಇಲ್ಲ. ಮಗ್ಗ ನಿಲ್ಲುತ್ತೆ, ಅಷ್ಟೇ."

"ಕೇಳಿಸದವಳು ನಾನು ಅವಳ ಜೊತೆ ಏನು ಮಾತಾಡ್ಲಿ?"

"ಬಾಯಿ ಇದೆಯಲ್ಲ ನಿಮ್ಗೆ! ಇಷ್ಟು ವರ್ಷ ನನ್ನನ್ನ ಬಯ್ಯೋದಕ್ಕೆ ಏನಾದ್ರೂ ಕಡಿಮೆ ಬಿತ್ತಾ ಅದು?" ಸೊಸೆ ಅಳುತ್ತಲೇ ನಕ್ಕುಬಿಟ್ಟಳು. "ಎದುರಿಗೆ ಕೂರಿಸ್ಕೊಂಡು ಅವಳ ತುಟಿ ನೋಡಿ. ತುಟಿ ನೋಡಿ ಮಾತು ಹಿಡಿಯೋದು ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ?"

ಗಂಡ ಚೀಲವನ್ನೆತ್ತಿ ಮಹಡಿಯ ಮೆಟ್ಟಿಲು ಹತ್ತಿದ. ಮಗಳ ಬಟ್ಟೆಗಳನ್ನು ಒಂದೊಂದಾಗಿ ಗೂಟಕ್ಕೆ ನೇತುಹಾಕಿ ಕೆಳಗೆ ಬಂದ. ಸ್ವಿಚ್ಚಿನ ಕಡೆ ನೋಡದೆ ಲಾಳಿಯ ಮುಂದೆ ನೆಲದ ಮೇಲೆ ಕೂತು, ಏನು ಮಾತಾಡಬೇಕೋ ತೋಚದೆ, ಎಣ್ಣೆಯ ಡಬ್ಬಿ ತೋರಿಸಿ "ಇದು ಡಬ್ಬಿ" ಎಂದ. ಅಪ್ಪ ಮಗಳಿಗೆ ಹೇಳಿದ ಮೊದಲ ಪಾಠ ಅದು.

ಮಾತು ಮರುದಿನವೇ ಉಕ್ಕಿ ಬರಲಿಲ್ಲ. ತಿಂಗಳುಗಳೇ ಹಿಡಿದವು. ಎಷ್ಟೋ ದಿನ ಸೊಸೆ ಬಕೆಟ್ಟಿಗೆ, ಬಾಚಣಿಗೆಗೆ, ಗೋಡೆಗೆ ಮಾತಾಡಿದಂತೆ ಮಾತಾಡಿ ಸೋತು ಬಚ್ಚಲಲ್ಲಿ ಕೂತು ಅತ್ತಳು. ಅತ್ತೆ ಮೊದಲು ಮೂಗು ಮುರಿದರೂ ಆಮೇಲೆ ಕಿವಿಗೆ ಯಂತ್ರ ಹಾಕಿಸಿಕೊಂಡಳು. ಅದು ಅರ್ಧ ಕೇಳುತ್ತಿತ್ತು, ಅರ್ಧ ಕಿರ್ರೆನ್ನುತ್ತಿತ್ತು. ಆದರೂ ಬೆಳಿಗ್ಗೆ ಮತ್ತು ಮಧ್ಯಾಹ್ನ ಮೇನ್ ಸ್ವಿಚ್ಚನ್ನು ಕೆಳಗೆಳೆಯುವ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ.

ಒಂದು ದಿನ ಅಂಥದೇ ಹೊತ್ತಿನಲ್ಲಿ ಟವೆಲಿನ ವ್ಯಾಪಾರಿ ಬಾಗಿಲಲ್ಲಿ ಬಂದು ನಿಂತ. "ಏನಮ್ಮಾ ಇದು, ಹಾಡುಹಗಲಲ್ಲಿ ಮಗ್ಗ ಮಲಗಿಸಿದ್ದೀರಾ? ನನ್ನ ಮಾಲಿನ ಗತಿ ಏನು?"

ಅತ್ತೆ ಅವನ ಕಡೆ ಬೆನ್ನು ಹಾಕಿ ನೂಲು ಬಿಡಿಸುತ್ತಿದ್ದಳು. ಲಾಳಿ ಖಾಲಿ ಉರುಳೆ ಹಿಡಿದು ಅಜ್ಜಿಯ ಮುಂದೆ ಬಂದಳು. ಪುಟ್ಟ ಕೈಯಿಂದ ಅಜ್ಜಿಯ ಗಲ್ಲ ಹಿಡಿದು ಮುಖವನ್ನು ತನ್ನತ್ತ ತಿರುಗಿಸಿಕೊಂಡಳು. ಎರಡು ಬೆರಳು ಜೋಡಿಸಿ ಪಟ್ಟನೆ ಬಿಡಿಸಿದಳು. ಆಮೇಲೆ, ಅಜ್ಜಿಗೆ ತುಟಿ ಕಾಣುವಂತೆ ಬಾಯಿ ಅಗಲಿಸಿ, ಬಿಡಿಬಿಡಿಯಾಗಿ ಹೇಳಿದಳು.

"ಅಜ್ಜಿ... ನೂಲು... ಹೋಯ್ತು."

"ಹೋಯ್ತಾ? ಹೋಗ್ಲಿ ಬಿಡು ನನ್ನ ಕಂದ, ಬೇರೆ ಕೊಡೋಣ! ಬಿಳಿ ನೂಲು ಬೇಕಾ, ಕೆಂಪು ನೂಲು ಬೇಕಾ?" ಅತ್ತೆಯ ದನಿ ಬೀದಿಯ ಆಚೆ ತುದಿಗೂ ಕೇಳುವಷ್ಟು ಜೋರಾಗಿತ್ತು. ಸೊಸೆ ಮಗ್ಗಕ್ಕೆ ಒರಗಿ ನಿಂತಲ್ಲೇ ಕಣ್ಣೊರೆಸಿಕೊಂಡಳು.

"ಅಮ್ಮಾ, ನಾನು ಕೇಳ್ತಿರೋದು..." ವ್ಯಾಪಾರಿ ಒಳಗೆ ಬಂದು ಅತ್ತೆಯ ಎದುರು ನಿಂತ.

ಅತ್ತೆ ಅಂಗೈ ಅಡ್ಡ ಹಿಡಿದು ಅವನನ್ನು ತಡೆದಳು. ಅಷ್ಟರಿಂದ ತೃಪ್ತಿಯಾಗದೆ ಬಾಯಲ್ಲೂ ಹೇಳಿದಳು.

"ಆಮೇಲೆ ಬಾರಪ್ಪ. ನನ್ನ ಮೊಮ್ಮಗಳು ಮಾತಾಡ್ತಿದ್ದಾಳೆ."

ಲಾಳಿ ಬಿಳಿಯೋ ಕೆಂಪೋ ಎಂದು ಯೋಚಿಸುತ್ತಿದ್ದಳು. ಯಾರೂ ಅವಸರ ಮಾಡಲಿಲ್ಲ. ವ್ಯಾಪಾರಿ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕಾಯುತ್ತ ಕೂತ.