ಮೂರು ನಾಡಿನ ಪಂದ್ಯದ ಬೆಂಕಿ

ಬಹಳ ಹಿಂದೆ, ಬೆಟ್ಟಗಳು ಒಂದರ ಜೊತೆಗೊಂದು ಮಾತಾಡುತ್ತಿದ್ದ ಕಾಲದಲ್ಲಿ, ಒಬ್ಬ ರಾಜನಿಗೆ ಮೂವರು ಗಂಡುಮಕ್ಕಳಿದ್ದರು. ರಾಜ ಕಣ್ಣು ಮುಚ್ಚಿದ್ದೇ ತಡ, ಮಕ್ಕಳು ರಾಜ್ಯವನ್ನು ಪಾಲು ಮಾಡಿಕೊಂಡರು. ಹಿರಿಯವನಿಗೆ ಮರಳುನಾಡು, ನಡುವಿನವನಿಗೆ ಕಲ್ಲುನಾಡು, ಕಿರಿಯವನಿಗೆ ನೀರುನಾಡು. ಪಾಲಾದರೂ ಜಗಳ ಮುಗಿಯಲಿಲ್ಲ. ಬಿತ್ತುವ ಕಾಲಕ್ಕೊಂದು ಯುದ್ಧ, ಕೊಯ್ಯುವ ಕಾಲಕ್ಕೊಂದು ಯುದ್ಧ.

ಅವರ ತಾಯಿ ಜಕ್ಕಲೆರಾಣಿ ಒಂದು ದಿನ ಮೂವರನ್ನೂ ಕರೆಸಿ ಗದರಿದಳು. “ಹೊಡೆದಾಡದೆ ನಿಮಗೆ ಉಂಡ ಅನ್ನ ಅರಗುವುದಿಲ್ಲ ಅಲ್ಲವೇನ್ರೋ? ಆಗಲಿ. ಹೊಡೆದಾಡಬೇಕೆಂದರೆ ಬರಿಗೈಯಲ್ಲಿ ಅಖಾಡಕ್ಕಿಳಿಯಿರಿ. ಬಾಣ ಬಿಡಬೇಕೆಂದರೆ ಬಾಳೆದಿಂಡಿಗೆ ಬಿಡಿ. ಓಡಬೇಕೆಂದರೆ ಬಯಲಿದೆ, ಈಜಬೇಕೆಂದರೆ ಹೊಳೆಯಿದೆ. ಗೆದ್ದವನು ಮೀಸೆ ತಿರುವಲಿ, ಸೋತವನು ಮನೆಗೆ ಹೋಗಿ ಉಣ್ಣಲಿ. ಸಾಯುವ ಮಾತು ಮಾತ್ರ ಬೇಡ.”

ಹೀಗೆ ಮೂರು ನಾಡಿನ ಪಂದ್ಯ ಹುಟ್ಟಿತು. ನಾಲ್ಕು ವರ್ಷಕ್ಕೊಮ್ಮೆ ಮೂರು ಗಡಿಗಳೂ ಕೂಡುವ ದೊಡ್ಡ ಬಯಲಿನಲ್ಲಿ ಅದು ನಡೆಯುತ್ತಿತ್ತು. ಹತ್ತಿರದ ಹೊತ್ತೇರುಬೆಟ್ಟದ ನೆತ್ತಿಯಲ್ಲಿ ಒಂದು ಸೂರ್ಯಕಾಂತ ಶಿಲೆಯಿತ್ತು. ಬಿಸಿಲು ಬಿದ್ದರೆ ಅದರಿಂದ ಬೆಂಕಿ ಹುಟ್ಟುತ್ತಿತ್ತು. ಆ ಬೆಂಕಿಯನ್ನು ಪಂಜಿನಲ್ಲಿ ತಂದು ಬಯಲಿನ ನಡುವಿನ ಕಲ್ಲುಕುಂಡದಲ್ಲಿ ಇಡುತ್ತಿದ್ದರು. ಅದು ಉರಿಯುವಷ್ಟು ದಿನವೂ ಮೂರು ನಾಡಿನ ಕತ್ತಿಗಳು ಬನ್ನಿಮರದ ಕೊಂಬೆಗಳಲ್ಲಿ ತೂಗಾಡುತ್ತಿದ್ದವು. ಗೆದ್ದವರಿಗೆ ಚಿನ್ನವಿಲ್ಲ, ಬೆಳ್ಳಿಯಿಲ್ಲ, ಅದೇ ಬನ್ನಿಯ ಒಂದು ಕುಡಿ. ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದವರನ್ನು ಊರಿಗೆ ಊರೇ ಎದುರುಗೊಳ್ಳುತ್ತಿತ್ತು.

ರಾಣಿ ಹೋದಳು, ಮಕ್ಕಳೂ ಹೋದರು, ಮೊಮ್ಮಕ್ಕಳು ಪಟ್ಟಕ್ಕೆ ಬಂದರು. ನಡುವಿನ ವರ್ಷಗಳಲ್ಲಿ ಯುದ್ಧಗಳು ಮತ್ತೆ ತಲೆಯೆತ್ತಿದವು. ಆದರೆ ಪಂದ್ಯದ ಕಾಲದಲ್ಲಿ ಯಾರೂ ಕತ್ತಿ ಮುಟ್ಟಲಿಲ್ಲ.

ಇದನ್ನು ಸಹಿಸದವನು ಒಬ್ಬನೇ, ಧೂಮಾಕ್ಷನೆಂಬ ಮಾಂತ್ರಿಕ. ಅವನ ಊಟ ಹಗೆ. ಯುದ್ಧವಾದಾಗ ತಾಳೆಮರದಷ್ಟು ಬೆಳೆಯುತ್ತಿದ್ದ, ಪಂದ್ಯ ಬಂತೆಂದರೆ ಕುಗ್ಗಿ ಕುಳ್ಳನಾಗುತ್ತಿದ್ದ. “ಈ ಹಾಳು ಆಟದಿಂದ ನನ್ನ ಹೊಟ್ಟೆಗೆ ಮಣ್ಣು ಬಿತ್ತು,” ಎಂದು ಹಲ್ಲು ಕಡಿಯುತ್ತಿದ್ದ.

ಒಂದು ಪಂದ್ಯದ ವರ್ಷ ಮರಳುನಾಡಿನಿಂದ ಓಟಕ್ಕೆ ಬಂದವಳು ಕೆಂಪಾಜಿ. ಅವಳ ಅಣ್ಣ ಸಿದ್ದಣ್ಣ ಒಂದು ಕಾಲದಲ್ಲಿ ಜಿಂಕೆಯ ಜೊತೆ ಓಡುತ್ತಿದ್ದವನು. ಕಲ್ಲುನಾಡಿನ ಮೇಲಿನ ಯುದ್ಧದಲ್ಲಿ ಅವನ ಕಾಲು ಮುರಿಯಿತು. ಅಂದಿನಿಂದ ಅವನು ದಿಬ್ಬದ ಮೇಲೆ ಕೂತು, “ಮೊಣಕಾಲೆತ್ತು! ಕತ್ತು ನೆಟ್ಟಗಿಡು!” ಎಂದು ಕೂಗಿ ಕೂಗಿ ತಂಗಿಗೆ ಓಟ ಕಲಿಸಿದ. ಕೆಂಪಾಜಿಗೆ ಒಂದೇ ಆಸೆ, ಕಲ್ಲುನಾಡಿನವರನ್ನು ಸೋಲಿಸಿ ಬನ್ನಿಕುಡಿಯನ್ನು ಅಣ್ಣನ ಕಿವಿಗೆ ಸಿಕ್ಕಿಸಬೇಕು.

ಪಂದ್ಯ ಶುರುವಾಗುವ ಬೆಳಿಗ್ಗೆ ಜನ ಬಯಲಲ್ಲಿ ಕಿಕ್ಕಿರಿದಿದ್ದರು. ಇದ್ದಕ್ಕಿದ್ದಂತೆ ಕಪ್ಪುಗಾಳಿಯೊಂದು ಬೀಸಿತು. ಕುಂಡದ ಬೆಂಕಿ ಆರಿಹೋಯಿತು.

“ಇದು ಕಲ್ಲುನಾಡಿನವರ ಕೆಲಸ!” ಎಂದು ಮರಳುನಾಡಿನ ಅರಸ ಕೂಗಿದ.

“ಮರಳುನಾಡಿನವರೇ ಆರಿಸಿದ್ದು!” ಎಂದು ಕಲ್ಲುನಾಡಿನ ಅರಸ ಎದ್ದ. ನೀರುನಾಡಿನ ಅರಸ ಇಬ್ಬರನ್ನೂ ಬೈದ.

ಪಂದ್ಯ ನಡೆಸುವ ಹಿರಿಯನು ಬನ್ನಿಮರಕ್ಕೆ ಬೆನ್ನು ಕೊಟ್ಟು ನಿಂತ. “ಹೊತ್ತು ಮುಳುಗುವುದರೊಳಗೆ ಬೆಟ್ಟದಿಂದ ಬೆಂಕಿ ಬಂದರೆ ಪಂದ್ಯ ಉಂಟು. ಬರದಿದ್ದರೆ ಕತ್ತಿ ನಿಮ್ಮವು, ಪಾಪವೂ ನಿಮ್ಮದು.”

ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲ. ಅದಕ್ಕೇ ನಾಡಿಗೊಬ್ಬರನ್ನು ಕಳಿಸಿದರು. ಮರಳುನಾಡಿನಿಂದ ಕೆಂಪಾಜಿ, ಕಲ್ಲುನಾಡಿನಿಂದ ಜಟ್ಟಿ ಮಾಚಯ್ಯ, ನೀರುನಾಡಿನಿಂದ ಈಜುಗಾರ್ತಿ ತುಂಗಕ್ಕ. ತುಂಗಕ್ಕ ಮೊಮ್ಮಕ್ಕಳನ್ನು ಕಂಡವಳು, ಆದರೂ ಹೊಳೆಗಿಳಿದರೆ ಮೀನೇ ದಾರಿ ಬಿಡಬೇಕು.

ಬೆಟ್ಟದ ಕಣಿವೆಯಲ್ಲಿ ಒಂದು ಕಲ್ಲುಕೋಣ ಅಡ್ಡ ನಿಂತಿತ್ತು. ಅದರ ಮೂಗಿನಿಂದ ಹೊಗೆ ಬರುತ್ತಿತ್ತು. ಮಾಚಯ್ಯ ತೊಡೆ ತಟ್ಟಿ ನುಗ್ಗಿದ. ಅವನು ಗುದ್ದಿದಷ್ಟೂ ಕೋಣ ಬೆಳೆಯಿತು.

“ಗುದ್ದಬೇಡವೋ ಮಾರಾಯ, ಅದು ಗುದ್ದನ್ನೇ ತಿಂದು ಕೊಬ್ಬುತ್ತಿದೆ!” ಎಂದಳು ತುಂಗಕ್ಕ.

ಕೆಂಪಾಜಿ ಕೋಣದ ಮುಂದೆ ನಿಂತು ಸೆರಗು ಬೀಸಿದಳು. ಅದು ಅಟ್ಟಿಸಿಕೊಂಡು ಬಂತು. ಅವಳು ಕಣಿವೆಯಾಚೆಯ ಕೆರೆಯಂಚಿನ ಕೆಸರಿನ ಮೇಲೆ ಹಗುರಾಗಿ ಓಡಿದಳು. ಕೋಣ ತನ್ನ ಭಾರಕ್ಕೆ ತಾನೇ ಹೂತುಹೋಯಿತು. ಕೊನೆಯ ಹೆಜ್ಜೆಯಲ್ಲಿ ಕೆಂಪಾಜಿಯ ಕಾಲೂ ಸಿಕ್ಕಿಕೊಂಡಿತು. ಮಾಚಯ್ಯ ತೋಳು ಹಿಡಿದು ಎಳೆದು ಹಾಕಿದ.

“ಕೈ ಬಿಡು,” ಎಂದಳು ಅವಳು. “ಕಲ್ಲುನಾಡಿನವರ ಉಪಕಾರ ನನಗೆ ಬೇಡ.”

“ನನಗೂ ಉಪಕಾರ ಮಾಡುವ ಹುಚ್ಚಿಲ್ಲ,” ಎಂದ ಅವನು.

ಆ ಕೆರೆಯನ್ನು ದಾಟದೆ ಬೆಟ್ಟಕ್ಕೆ ದಾರಿಯಿರಲಿಲ್ಲ. ತುಂಗಕ್ಕ ಇಬ್ಬರನ್ನೂ ಸೊಂಟದ ಹಗ್ಗಕ್ಕೆ ಕಟ್ಟಿಕೊಂಡು ನೀರಿಗಿಳಿದಳು. ನಡುನೀರಿಗೆ ಬಂದಾಗ ಇಬ್ಬರೂ ಬೀಸುವ ಕಲ್ಲಿನಂತೆ ಭಾರವಾದರು. ತುಂಗಕ್ಕನ ಬಾಯಿಗೆ ನೀರು ಹೋಯಿತು.

“ಏನು ಕಟ್ಟಿಕೊಂಡಿದ್ದೀರಿ ಎದೆಯಲ್ಲಿ? ಬಾಯಿಬಿಟ್ಟು ಹೇಳಿ! ಇಲ್ಲದಿದ್ದರೆ ಮೂವರೂ ತಳ ಸೇರುತ್ತೇವೆ!”

ಕೆಂಪಾಜಿ ಅತ್ತುಬಿಟ್ಟಳು. “ನಿಮ್ಮವರು ನನ್ನಣ್ಣನ ಕಾಲು ಮುರಿದರು. ಅವನು ದಿಬ್ಬದ ಮೇಲೆ ಕೂತು ನನ್ನ ಕಾಲುಗಳನ್ನೇ ನೋಡುತ್ತಾನೆ. ಅದನ್ನು ನೋಡಲು ನನ್ನಿಂದಾಗುವುದಿಲ್ಲ.”

ಮಾಚಯ್ಯ ಬಾಯಿಗೆ ಬಂದ ನೀರನ್ನು ಉಗುಳಿದ. ಆಮೇಲೆ ಹೇಳಿದ, “ನಿಮ್ಮವರ ಬಾಣ ನನ್ನಪ್ಪನಿಗೆ ತಾಗಿತು. ಅವ್ವ ಈಗಲೂ ಅವನಿಗೊಂದು ತಟ್ಟೆ ಇಡುತ್ತಾಳೆ. ತೆಗಿ ಅನ್ನಲು ನನಗೆ ಬಾಯಿ ಬರುವುದಿಲ್ಲ.”

ಇಬ್ಬರೂ ಹಗುರಾದರು. ದಡ ಹತ್ತಿದ ಮೇಲೆ ಮಾಚಯ್ಯ ಕೈ ಚಾಚಿದ. ಈ ಸಲ ಕೆಂಪಾಜಿ ಆ ಕೈಯನ್ನು ಹಿಡಿದು ಮೇಲೆ ಬಂದಳು.

ಬೆಟ್ಟದ ನೆತ್ತಿಯಲ್ಲಿ ಸೂರ್ಯಕಾಂತ ಶಿಲೆ ಬಿಸಿಲಿಗೆ ಹೊಳೆಯುತ್ತಿತ್ತು. ಪಂಜು ಹಿಡಿದರು, ಬೆಂಕಿ ಹತ್ತಿತು. ಹತ್ತಲಾಗದ, ಇಳಿಯಲು ಮಾತ್ರ ಆಗುವ ಕಡಿದಾದ ಹಾದಿಯೊಂದು ನೇರ ಬಯಲಿಗಿತ್ತು. “ನೀನು ವೇಗದವಳು, ಮುಂದೆ ಹಿಡಿ, ನಾವು ಹಿಂದೆಯೇ ಬರುತ್ತೇವೆ,” ಎಂದು ತುಂಗಕ್ಕ ಪಂಜನ್ನು ಕೆಂಪಾಜಿಗೆ ಕೊಟ್ಟಳು.

ಕೆಂಪಾಜಿ ಓಡಿದಳು. ತಿರುವಿನಲ್ಲಿ ಗಾಳಿಯೇ ಮಾತಾಡಿತು. ಅದು ಧೂಮಾಕ್ಷನ ದನಿ. “ಅವರನ್ನು ಬಿಟ್ಟು ಓಡು ಮಗಳೇ. ಒಂಟಿಯಾಗಿ ಬೆಂಕಿ ತಂದವಳ ನಾಡು ಉಳಿದ ನಾಡುಗಳನ್ನು ಆಳುತ್ತದೆ. ನಿನ್ನಣ್ಣನ ಕಾಲಿಗೆ ಬೆಲೆ ಸಿಗುತ್ತದೆ.”

ಅವಳು ತಿರುಗಿ ನೋಡದೆ ಓಡಿದಳು, ಇನ್ನೂ ಜೋರಾಗಿ ಓಡಿದಳು. ಆದರೆ ಅವಳು ಓಡಿದಷ್ಟೂ ಹಾದಿ ಉದ್ದವಾಯಿತು. ಬಯಲು ಹಿಂದೆ ಸರಿಯಿತು. ಸೂರ್ಯ ಇಳಿಯುತ್ತಲೇ ಇದ್ದ. ಕಾಲು ಸೋತವು. ಆಗ ದೂರದಿಂದ ಮಾಚಯ್ಯನ ಕೂಗು ಕೇಳಿಸಿತು. “ತಂಗೀ! ಕಲ್ಲಿದೆ, ನೋಡಿಕೊಂಡು ಓಡು!”

ಹುಟ್ಟಿದಾಗಿನಿಂದ ಓಟದ ನಡುವೆ ನಿಲ್ಲದ ಕೆಂಪಾಜಿ ನಿಂತಳು. ಅವರು ಬರುವ ತನಕ ಕಾದಳು. ಮಾಚಯ್ಯ ಗಾಣದ ಎತ್ತಿನಂತೆ ಏದುಸಿರು ಬಿಡುತ್ತ ಬಂದ.

“ಅಣ್ಣಾ, ನಿಮ್ಮನ್ನು ಬಿಟ್ಟು ಹೋಗಿದ್ದೆ. ನೀನು ಹಿಡಿ,” ಎಂದು ಪಂಜನ್ನು ಅವನ ಕೈಗಿಟ್ಟಳು.

ಪಂಜು ಕೈ ಬದಲಾದೊಡನೆ ಹಾದಿ ಚಾಪೆ ಸುತ್ತಿದಂತೆ ಮೊಟಕಾಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮಾಚಯ್ಯ ಓಡಿ ತುಂಗಕ್ಕನಿಗೆ ಕೊಟ್ಟ, ತುಂಗಕ್ಕ ಓಡಿ ಕೆಂಪಾಜಿಗೆ ಕೊಟ್ಟಳು. ಕೊಟ್ಟಾಗಲೆಲ್ಲ ಬಯಲು ಹತ್ತಿರ ಬಂತು.

ಅತ್ತ ಬಯಲಲ್ಲಿ ಧೂಮಾಕ್ಷ ಬನ್ನಿಮರದ ಹಿಂದೆ ತಾಳೆಯಷ್ಟು ಬೆಳೆದು ನಿಂತಿದ್ದ. ಅರಸರು ಹಿರಿಯನನ್ನು ತಳ್ಳಿ ಕೊಂಬೆಗೆ ಕೈ ಹಾಕಿದ್ದರು. ಸೂರ್ಯನ ಅಂಚೊಂದೇ ಉಳಿದಿತ್ತು. ಅಷ್ಟರಲ್ಲಿ ಜನರಿಗೆ ಕಂಡಿತು: ಒಂದೇ ಪಂಜು, ಅದರ ಮೇಲೆ ಮೂರು ನಾಡಿನ ಮೂರು ಕೈ.

ಬೆಂಕಿ ಕುಂಡಕ್ಕೆ ಬಿದ್ದು ಭಗ್ಗೆಂದಿತು. ತಂಗಿಯ ಓಟ ನೋಡಲು ಬಂದಿದ್ದ ಸಿದ್ದಣ್ಣ ಊರುಗೋಲು ಎತ್ತಿ ಕೂಗಿದ. ಅವನ ಪಕ್ಕದಲ್ಲಿದ್ದ ಕಲ್ಲುನಾಡಿನ ಮುದುಕಿ, ಮಾಚಯ್ಯನ ಅವ್ವ, ತಡೆಯಲಾರದೆ ಅವನನ್ನೇ ತಬ್ಬಿಕೊಂಡಳು. ಬಯಲೆಲ್ಲ ಯಾರು ಯಾರನ್ನೋ ತಬ್ಬಿಕೊಂಡರು. ಅರಸರು ನಾಚಿ ಕೈ ಕೆಳಗಿಳಿಸಿದರು.

ಧೂಮಾಕ್ಷ ಕುಗ್ಗಿದ. ಆಳಿನಷ್ಟಾದ, ಮೊಲದಷ್ಟಾದ, ಕೊನೆಗೆ ಹೆಬ್ಬೆರಳಷ್ಟಾದ. ಅವನ ಮಂತ್ರವೆಲ್ಲ ಹೋಯಿತು, ದೊಡ್ಡ ಗಂಟಲೊಂದು ಉಳಿಯಿತು. “ನನ್ನನ್ನು ಕೊಲ್ಲಬೇಡಿ!” ಎಂದು ಅವನು ಕೂಗಿದ್ದು ಮೂರು ನಾಡಿಗೂ ಕೇಳಿಸಿತು.

“ಕೊಲ್ಲುವುದೇಕೆ? ಇಷ್ಟು ಒಳ್ಳೆಯ ಗಂಟಲು ದಂಡವಾಗಬಾರದು,” ಎಂದು ನಕ್ಕಳು ತುಂಗಕ್ಕ. ಅವನನ್ನು ಕಂಬದ ಮೇಲೆ ಕೂರಿಸಿ ಗೆದ್ದವರ ಹೆಸರು ಸಾರುವ ಕೆಲಸ ಕೊಟ್ಟರು. ಮೊದಮೊದಲು ಗೊಣಗಿದ. ದಿನವೂ ಗಂಜಿ ಕುಡಿದು ರುಚಿ ಹತ್ತಿದ ಮೇಲೆ ಸೋತವರ ಹೆಸರನ್ನೂ ಅಕ್ಕರೆಯಿಂದ ಸಾರತೊಡಗಿದ.

ಕೆಂಪಾಜಿ ಓಟದಲ್ಲಿ ಗೆಲ್ಲಲಿಲ್ಲ. ಬೆಟ್ಟ ಹತ್ತಿಳಿದ ಕಾಲುಗಳು ನೋಯುತ್ತಿದ್ದವು. ನೀರುನಾಡಿನ ಹುಡುಗಿಯೊಬ್ಬಳು ಮುಂದಾದಳು. ಕೆಂಪಾಜಿ ಅಣ್ಣನ ಹತ್ತಿರ ಹೋಗಿ ತಲೆ ತಗ್ಗಿಸಿ ಕೂತಳು.

“ಅಣ್ಣಾ, ಬನ್ನಿಕುಡಿ ತರಲಾಗಲಿಲ್ಲ.”

ಸಿದ್ದಣ್ಣ ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ತಿಕ್ಕಿದ. “ಕತ್ತು ನೆಟ್ಟಗಿಡು ಅಂತ ಎಷ್ಟು ಸಲ ಹೇಳಿದ್ದೀನಿ,” ಎಂದ. ಇಬ್ಬರೂ ನಕ್ಕರು.

ಕೊನೆಯ ದಿನ “ನಾಡಿಗೊಂದು ಸಾಲು ಕಟ್ಟಿ,” ಎಂದು ಹಿರಿಯನು ಹೇಳಿದ. ಯಾರೂ ಸಾಲು ಕಟ್ಟಲಿಲ್ಲ. ಮಾಚಯ್ಯ ಸಿದ್ದಣ್ಣನನ್ನು ಹೆಗಲ ಮೇಲೆ ಹೊತ್ತು ನಡೆದ, ಅವನ ಅವ್ವ ಕೆಂಪಾಜಿಯ ಕೈ ಹಿಡಿದು ನಡೆದಳು, ಅವರ ಹಿಂದೆ ಮೂರು ನಾಡೂ ಕಲಸಿಕೊಂಡು ನಡೆಯಿತು. ಅಂದಿನಿಂದ ಪಂಜು ಕೈಯಿಂದ ಕೈಗೆ ಹೋಗುವುದೂ, ಕೊನೆಯ ದಿನ ಎಲ್ಲರೂ ಬೆರೆತು ನಡೆಯುವುದೂ ಆ ನಾಡುಗಳ ಪದ್ಧತಿಯಾಯಿತು. ಕತ್ತಿಗಳನ್ನು ಮರದಿಂದ ಇಳಿಸಲು ಯಾರೂ ಬರಲೇ ಇಲ್ಲ. ಅವುಗಳ ನಡುವೆ ಗಿಳಿಗಳು ಮರಿ ಮಾಡಿದವು. ಮೂರು ನಾಡಿನ ಮಕ್ಕಳು ಆ ಮರದ ನೆರಳಲ್ಲಿ ಆಡಿ, ಸೋತು, ಗೆದ್ದು, ಹೊಟ್ಟೆ ತುಂಬ ಉಂಡು, ಬಹುಕಾಲ ಸುಖವಾಗಿ ಬಾಳಿದರು.